ಪರೀಕ್ಷಕರ ಕುರ್ಚಿಯಲ್ಲಿ ಜಖಾರ್

"ಮೂರು ಸಂಪುಟಾನೂ ಹನ್ನೊಂದು ಸಲ ಓದಿದೀನಿ ಕಣೋ! ಹನ್ನೆರಡನೇ ಸಲ ಬೇಜಾರಾಗಿ ಹಿಂದಿನಿಂದ ಮುಂದಕ್ಕೆ ಓದ್ದೆ. ಹಾಗೆ ಓದಿದ್ರೂ ಅಳು ಬಂತು!"

ಸರಾತೊವ್‌ನಲ್ಲಿ ಆ ಬೆಳಿಗ್ಗೆ ಎಂಥ ಚಳಿ ಅಂದರೆ, ಬೀದಿಯಲ್ಲಿ ಸೀನಿದವರ ಸೀನು ಹೆಪ್ಪುಗಟ್ಟಿ ಕಾಲ ಮೇಲೆ ಬೀಳುತ್ತಿತ್ತು. ವಿಶ್ವವಿದ್ಯಾಲಯದ ಮೊಗಸಾಲೆಯಲ್ಲಿ ರಷ್ಯನ್ ಸಾಹಿತ್ಯದ ಕೊನೇ ವರ್ಷದವರು ಅದೃಷ್ಟಕ್ಕೆಂದು ಬೂಟಿನೊಳಗೆ ಹಿಮ್ಮಡಿಯಡಿ ಐದು ಕೊಪೆಕ್ ನಾಣ್ಯ ಇಟ್ಟುಕೊಂಡು, ವಿದ್ಯೆ ತೊಳೆದುಹೋದೀತೆಂದು ತಲೆಗೆ ನೀರು ಸೋಕಿಸದೆ, ಮೂರು ಸಂಪುಟದ ಒಂದು ಕಾದಂಬರಿಯ ಬಾಯಿಪರೀಕ್ಷೆಗೆ ಕಾದು ನಿಂತಿದ್ದರು. ಜಖಾರ್ ಮಾತ್ರ ಕೊಚ್ಚಿಕೊಳ್ಳುತ್ತಿದ್ದ. ಪಾಪ, ಅವನು ಆಗಲೇ ಎರಡು ವಿಷಯದಲ್ಲಿ ನಪಾಸು. ಇದೂ ಹೋದರೆ ಹೆಸರು ಹೊಡೆದುಹಾಕುತ್ತಾರೆ. ಆಮೇಲೆ ಮಾವನ ಹಂದಿ ದೊಡ್ಡಿಯೇ ಗತಿ.

"ಹನ್ನೊಂದು ಸಲಾನಾ? ಬರೆದವನೇ ಅಷ್ಟು ಸಲ ಓದಿರಲ್ಲ ಬಿಡೋ," ಅಂದ ತಿಖೋನ್.

ಬೆನ್ನ ಹಿಂದೆ ಯಾರೋ ಮೂಗೊರೆಸಿಕೊಂಡ ಸದ್ದು. ತಿರುಗಿದರೆ ಪ್ರೊಫೆಸರ್ ಅಗ್ನಿಯಾ ಸಾವೆಲ್ಯೆವ್ನಾ! ಆ ಒಂದು ಕಾದಂಬರಿಗೆ ಆಯುಸ್ಸನ್ನೇ ತೇದ ಮುದುಕಿ. ಕಣ್ಣಲ್ಲಿ ನೀರು.

"ಜಖಾರ್, ಕಂದಾ, ನಿನಗ್ಯಾಕೆ ಪರೀಕ್ಷೆ? ನನ್ನ ಜೊತೆ ಪರೀಕ್ಷೆ ಮಾಡೋರು ಮಂಜಲ್ಲಿ ಜಾರಿ ಸೊಂಟ ಉಳುಕಿಸ್ಕೊಂಡಿದಾರೆ. ಅರ್ಧ ಜನಾನ ನೀನೇ ವಿಚಾರಿಸು. ಸಂಜೆ ನಿನಗೆ ಐದಕ್ಕೆ ಐದು."

ಜಖಾರ್ ಆ ಕಾದಂಬರಿಯಲ್ಲಿ ಓದಿದ್ದು ರಟ್ಟಿನ ಮೇಲಿನ ಹೆಸರೊಂದನ್ನೇ. ಅದೂ ಪೂರ್ತಿಯಾಗಿ ಅಲ್ಲ.

ಅಗ್ನಿಯಾ ಸಾವೆಲ್ಯೆವ್ನಾ ಆ ಕಡೆಯ ಕಿಟಕಿ ಹತ್ತಿರ ಕೂತರು. ಜಖಾರ್ ಈ ಕಡೆ. ಮೊದಲು ಬಂದವಳು ತಯಿಸಿಯಾ. ಬೋರಲು ಹಾಕಿದ್ದ ಪ್ರಶ್ನೆ ಚೀಟಿಗಳಲ್ಲಿ ಒಂದನ್ನೆತ್ತಿದಳು: 'ಕಾದಂಬರಿಯಲ್ಲಿ ಪೆಲಗೇಯಾಳ ಸ್ಥಾನ.'

"ಪೆಲಗೇಯಾ ತುಂಬಾ ಒಳ್ಳೇ ಜೀವ..." ಅಂದವಳು ಕೆಸರಿನಲ್ಲಿ ಹೂತ ಗಾಡಿಯಂತೆ ನಿಂತುಬಿಟ್ಟಳು.

ಏನು ಕೇಳಬೇಕೆಂದು ಜಖಾರನಿಗಾದರೂ ಎಲ್ಲಿ ಗೊತ್ತು? "ಆಮೇಲೆ?" ಅಂದ.

ತಯಿಸಿಯಾಗೆ ಅದು ನ್ಯಾಯಾಧೀಶರ ದನಿಯಂತೆ ಕೇಳಿಸಿತು. "ಆಮೇಲೆ... ಅರಣ್ಯದ ಕಾವಲುಗಾರನ ಜೊತೆ ಓಡಿಹೋದ್ಲು!"

"ಅಯ್ಯೋ, ಹೌದಾ!" ಜಖಾರ್ ಕುರ್ಚಿಯಿಂದ ಹಾರಿಬಿದ್ದ. ತಕ್ಷಣ ಗಂಭೀರನಾಗಿ, "ಅಂದ್ರೆ, ಹೌದು. ಐದು."

ಸರದಿಯವರು ತಯಾರಾಗಲು ಅದೇ ಕೋಣೆಯ ಹಿಂದಿನ ಬೆಂಚುಗಳಲ್ಲಿ ಕೂರುವುದು ಪದ್ಧತಿ. ತಿಖೋನನ ಕಿವಿ ಮೊಲದ ಕಿವಿಯಾಯಿತು. ತನ್ನ ಚೀಟಿಯಲ್ಲಿ ಏನೇ ಇರಲಿ, ಬಂದವನೇ ಕತೆಯನ್ನು ಅಲ್ಲಿಂದಲೇ ಎತ್ತಿಕೊಂಡ. "ಆ ಕಾವಲುಗಾರ ಇಸ್ಪೀಟಲ್ಲಿ ಕೋವಿ ಸೋತ, ಅರ್ಧ ಕಾಡೂ ಸೋತ..."

"ಪಾಪಿ! ಆಮೇಲೆ?"

"ಪೆಲಗೇಯಾ ಸನ್ಯಾಸಿನಿಯಾದ್ಲು."

ಮುಂದಿನವಳು ಬಂದು, ಆ ಮಠದ ಹಿರಿಯಮ್ಮನೇ ಪೆಲಗೇಯಾಳ ಹೆತ್ತತಾಯಿ ಅಂದಳು. ಜಖಾರ್ ಬಿಕ್ಕಿಬಿಕ್ಕಿ ಅತ್ತು ಎಲ್ಲರಿಗೂ ಐದು ಹಂಚಿದ. ಅವನ ಕಣ್ಣೀರಿಗೆ ಮೇಜಿನ ಮೇಲಿನ ಚೀಟಿಗಳು ದೋಣಿಗಳಂತೆ ತೇಲಾಡಿದವು.

ಹೊತ್ತಿಳಿದಾಗ ಕೋಣೆ ಖಾಲಿಯಾಯಿತು. ಅಗ್ನಿಯಾ ಸಾವೆಲ್ಯೆವ್ನಾ ಚಹಾ ತಂದಿಟ್ಟರು. "ಈಗ ನೀನೂ ಎರಡು ಮಾತು ಹೇಳಿಬಿಡು. ಬರೀ ಶಾಸ್ತ್ರಕ್ಕೆ."

ಜಖಾರನಿಗೆ ಈಗ ಯಾರ ಭಯ? ಓಡಿಹೋದದ್ದು, ಇಸ್ಪೀಟು, ಮಠ, ತಾಯಿ ಸಿಕ್ಕಿದ್ದು, ಎಲ್ಲವನ್ನೂ ಎದೆ ತಟ್ಟಿಕೊಂಡು ಹೇಳಿದ. ಮುದುಕಿಯ ಚಹಾ ಲೋಟದಲ್ಲೇ ತಣ್ಣಗಾಯಿತು.

"ಜಖಾರ್," ಅಂದರು ಮೆಲ್ಲಗೆ, "ಪೆಲಗೇಯಾ ಜಮೀನ್ದಾರನ ಮುದಿ ಕುದುರೆ ಕಣಪ್ಪಾ."

"ಕುದುರೆಗೂ ಮನಸ್ಸು ಅನ್ನೋದು ಇರುತ್ತಲ್ವಾ..."

"ಇರುತ್ತೆ. ಆದ್ರೆ ಸನ್ಯಾಸ?"

ಜಖಾರ್ ತಣ್ಣಗಾದ ಚಹಾ ಲೋಟವನ್ನು ಅವರ ಕಡೆ ಸರಿಸಿದ.

"ನೀನು ಐದು ಕೊಟ್ಟವರೆಲ್ಲ ಸೋಮವಾರ ಮತ್ತೆ ಬರ್ಲಿ. ಅವರ ಜೊತೆ ನೀನೂ ಬಾ, ಚೀಟಿ ಎತ್ತೋಕೆ," ಅಂದ ಮುದುಕಿಗೆ ನಗು ತಡೆಯಲಾಗಲಿಲ್ಲ. "ಈಗ ನಿಜ ಹೇಳು. ಎಷ್ಟು ಸಲ ಓದಿದೀಯಾ?"

"ಹನ್ನೊಂದಲ್ಲ... ಒಂದು ಆರು ಸಲ..."

"ಜಖಾರ್!"

"ಒಂದು ಪುಟಾನೂ ಓದಿಲ್ಲ, ಅಗ್ನಿಯಾ ಸಾವೆಲ್ಯೆವ್ನಾ. ಹಾಸ್ಟೆಲಲ್ಲಿ ಉಪ್ಪಿನಕಾಯಿಗೆ ಹಾಕಿದ ಎಲೆಕೋಸಿನ ಮೇಲೆ ಭಾರಕ್ಕೆ ಇಟ್ಟಿದೀನಿ, ಮೂರೂ ಸಂಪುಟಾನ. ಕೋಸು ಮಾತ್ರ ಬಹಳ ಚೆನ್ನಾಗಿ ಹುಳಿ ಬಂದಿದೆ. ನಿಮಗೂ ಒಂದು ಬಟ್ಟಲು ತರ್ಲಾ?"