ಪೆನ್ನು ಹಿಡಿಯುವ ಅರ್ಹತೆ

ನಮ್ಮ ಪರವಾನಗಿ ಕಚೇರಿಯಲ್ಲಿ ಎಂಟು ತಿಂಗಳು ಯಾರೂ ಪೆನ್ನು ಮುಟ್ಟಲಿಲ್ಲ ಎಂಬ ಸಂಗತಿಯನ್ನು ಈ ಮೂಲಕ ಸಾರ್ವಜನಿಕರ ಗಮನಕ್ಕೆ ತರಲಾಗುತ್ತಿದೆ. ಇದರಿಂದ ಯಾವ ಕೆಲಸವೂ ನಿಲ್ಲಲಿಲ್ಲ. ಮೊದಲು ನಡೀತಿದ್ದರೆ ತಾನೇ ನಿಲ್ಲೋದು!

ಆದದ್ದಿಷ್ಟು. ತಪಾಸಣೆಗೆ ಬಂದ ದೊಡ್ಡ ಸಾಹೇಬರ ಕಣ್ಣಿಗೆ, ನಮ್ಮ ಹೆಡ್ ಗುಮಾಸ್ತರು ಪೆನ್ನಿನ ಮುಚ್ಚಳದಿಂದ ಕಿವಿ ಕೆರೆದುಕೊಳ್ಳುತ್ತಿದ್ದುದು ಬಿತ್ತು.

"ಏನ್ರೀ, ಬರೆಯೋ ಸಾಧನದ ಚರಿತ್ರೆ ಏನಾದ್ರೂ ಗೊತ್ತಾ ನಿಮಗೆ?"

"ಗೊತ್ತು ಸಾರ್. ಹೋದ ವರ್ಷ ಸ್ಟೋರಿಂದ ಬಂತು."

ಮೂರನೇ ದಿನ ಸುತ್ತೋಲೆ ಬಂತು: 'ಬರೆಯುವ ಸಾಧನದ ಚರಿತ್ರೆಯನ್ನು ಅರಿಯದ ಯಾವುದೇ ವ್ಯಕ್ತಿಯು ಕಚೇರಿಯ ಆವರಣದಲ್ಲಿ ಸದರಿ ಸಾಧನವನ್ನು ಬಳಸತಕ್ಕದ್ದಲ್ಲ.' ಜೊತೆಗೊಂದು ಪುಸ್ತಕ. ಚೀನಾದ ಬರವಣಿಗೆ ಸಾಧನಗಳ ವಿದ್ವತ್ಪೂರ್ಣ ಚರಿತ್ರೆ, ಆರುನೂರ ಹನ್ನೆರಡು ಪುಟ, ಅದರಲ್ಲಿ ಅರ್ಧ ಅಡಿಟಿಪ್ಪಣಿ. ಇದ್ದದ್ದು ಒಂದೇ ಪ್ರತಿಯಾದ್ದರಿಂದ ಸಾಮೂಹಿಕ ವಾಚನವೆಂದು ತೀರ್ಮಾನವಾಯಿತು. ಚೀನಾದ್ದೇ ಯಾಕೆ ಅಂತ ಯಾರೂ ಕೇಳಲಿಲ್ಲ. ಲಿಖಿತವಾಗಿ ಕೇಳಬೇಕಿತ್ತು, ಪೆನ್ನುಗಳೆಲ್ಲ ಆಗಲೇ ಬೀರು ಸೇರಿದ್ದವು. ಕಂಪ್ಯೂಟರಿಗೂ ಬಟ್ಟೆ ಹೊದಿಸಿದ್ದೆವು.

ಪ್ರತಿ ಬುಧವಾರ ಹೆಡ್ ಗುಮಾಸ್ತರು ಗಟ್ಟಿಯಾಗಿ ಓದುವರು. ಒಂದು ಪುಟ ಮುಗಿದರೆ ಎಲ್ಲರೂ ಅದರ ಅಂಚಿಗೆ ಹೆಬ್ಬೆಟ್ಟು ಒತ್ತಬೇಕು, ನಮ್ಮ ಕಚೇರಿಯ ಸಾಹೇಬರೂ ಸೇರಿ. ಸುತ್ತೋಲೆಯ ಪ್ರಕಾರ ಹದಿನಾಲ್ಕು ಹೆಬ್ಬೆಟ್ಟು ಬೀಳದೆ ಪುಟ ತಿರುವುವಂತಿಲ್ಲ. ನಾವಿದ್ದದ್ದು ಹದಿಮೂರು ಜನ.

ಹದಿನಾಲ್ಕನೆಯವರು ಟೈಲರ್ ಅಕ್ಕ. ಅವರು ಬಂದದ್ದು ಅಂಗಡಿ ಪರವಾನಗಿಗೆ. ಹನ್ನೊಂದು ವರ್ಷ ಯಾರದೋ ಮನೆಯ ಮೆಟ್ಟಿಲ ಕೆಳಗೆ ಬಲ್ಬಿನ ಬೆಳಕಲ್ಲಿ ಹೊಲಿದು ಕಣ್ಣು ಮಂಜಾಗುತ್ತಿತ್ತು. ಕೊನೆಗೂ ಕಿಟಕಿಯಿರುವ ಒಂದು ರೂಮು ಸಿಕ್ಕಿತ್ತು. ಬಾಕಿ ಇದ್ದದ್ದು ಸಾಹೇಬರ ಒಂದು ಸಹಿ.

"ಒಂದೇ ಒಂದು ಸಹಿ ಸಾರ್. ರೂಮಿನವರು ತಿಂಗಳು ಮಾತ್ರ ಕಾಯ್ತೀನಿ ಅಂದಿದ್ದಾರೆ."

"ಹಾಕ್ತೀನಮ್ಮ, ಪುಸ್ತಕ ಮುಗೀಲಿ. ಅಲ್ಲೀವರೆಗೂ ಕೂತ್ಕೊಳ್ಳಿ, ಒಂದು ಹೆಬ್ಬೆಟ್ಟು ಕಮ್ಮಿ ಇದೆ."

"ನಂಗೆ ಸಹಿ ಹಾಕೋಕೆ ಬರುತ್ತೆ," ಎಂದರು ಅಕ್ಕ, ಸ್ವಲ್ಪ ಬಿರುಸಾಗಿ.

"ನಮಗೂ ಬರುತ್ತಮ್ಮ," ಎಂದರು ಸಾಹೇಬರು, ಬೇಜಾರಿನಿಂದ.

ವಾಚನ ಭರದಿಂದ ಸಾಗಿತು. ಮೂವತ್ತೊಂದನೇ ಪುಟದಲ್ಲಿ ಕುಂಚಕ್ಕೆ ಮೊಲದ ಕೂದಲು ಮೇಲೋ ಮೇಕೆಯದು ಮೇಲೋ ಎಂಬ ಸಂದೇಹ ಎದ್ದು, ಪಶುವೈದ್ಯ ಇಲಾಖೆಯ ಅಭಿಪ್ರಾಯ ಕೇಳಲಾಯಿತು. ಬರೆಯುವಂತಿಲ್ಲವಲ್ಲ, ನಾನೇ ಹೋಗಿ ಬಾಯಲ್ಲಿ ಹೇಳಿ ಬಂದೆ. ಒಂಬತ್ತು ವಾರದ ಮೇಲೆ ಉತ್ತರ ಬಂತು: 'ಎರಡೂ ಪ್ರಾಣಿಗಳು ಆರೋಗ್ಯವಾಗಿವೆ.' ಅದನ್ನು ಸಮಾಧಾನಕರ ಎಂದು ಪರಿಗಣಿಸಿ ಮುಂದಕ್ಕೆ ಹೋದೆವು. ಬಿದಿರಿನ ಪಟ್ಟಿಯ ಅಧ್ಯಾಯದಲ್ಲಿ ಸಾಹೇಬರು ನಿದ್ದೆ ಹೋದರು. ಕಾಗದದ ಅಧ್ಯಾಯದಲ್ಲಿ ನಾವೂ ಹೋದೆವು. ಅಕ್ಕ ಮಾತ್ರ ಕಾಜಾ ಹೊಲಿಯುತ್ತಾ ಕೇಳುತ್ತಿದ್ದರು.

ಕೊನೆಯ ಬುಧವಾರ ಮೌಖಿಕ ಪರೀಕ್ಷೆ. ಪ್ರಶ್ನೆಗಳು ಸುತ್ತೋಲೆಯ ಕೊನೆಯಲ್ಲೇ ಇದ್ದವು. ಉತ್ತರಗಳೂ ಅದರ ಹಿಂಬದಿಯಲ್ಲೇ ಇದ್ದವು, ಆದರೆ ಆ ಬದಿಯನ್ನು ಯಾರೂ ತಿರುಗಿಸಿ ನೋಡಿರಲಿಲ್ಲ.

"ಶಾಯಿ ಎಲ್ಲಿಂದ ಬರ್ತಿತ್ತು?" ಎಂದು ಸಾಹೇಬರು ಕೇಳಿದರು.

"ಸ್ಟೋರಿಂದ," ಎಂದರು ಹೆಡ್ ಗುಮಾಸ್ತರು.

"ಪೈನ್ ಮರ ಸುಟ್ಟ ಮಸಿಗೆ ಅಂಟು ಕಲಸ್ತಿದ್ರು," ಎಂದರು ಅಕ್ಕ ಬೆಂಚಿನಿಂದ. "ಕಡ್ಡಿ ಥರ ಒಣಗಿಸಿ, ಆಮೇಲೆ ಕಲ್ಲಿನ ಮೇಲೆ ನೀರು ಹಾಕಿ ತೇಯೋದು."

ಹದಿನಾಲ್ಕು ಜನರಲ್ಲಿ ಹದಿಮೂರು ಜನ, ಸಾಹೇಬರೂ ಸೇರಿದಂತೆ, ಅನುತ್ತೀರ್ಣರಾದೆವು. ನಿಯಮ ಸ್ಪಷ್ಟವಾಗಿತ್ತು. ಬೀರುವಿನ ಬೀಗ ತೆಗೆದು ಅಕ್ಕನ ಕೈಗೆ ಪೆನ್ನು ಕೊಟ್ಟು, ಅವರ ಅರ್ಜಿಯನ್ನು ಅವರ ಮುಂದೆಯೇ ಇಟ್ಟೆವು.

ಅಕ್ಕ ಬರೆಯಲಿಲ್ಲ. "ರೂಮು ಹೋಗಿ ಏಳು ತಿಂಗಳಾಯ್ತು," ಎಂದರು. ಕಣ್ಣು ತುಂಬಿಕೊಂಡಿತ್ತು. ಹೆಡ್ ಗುಮಾಸ್ತರು ಕಿವಿ ಕೆರೆದುಕೊಳ್ಳಲು ಪೆನ್ನು ಹುಡುಕಿ, ಸಿಗದೆ ತಲೆ ತಗ್ಗಿಸಿದರು.

ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು ಸುತ್ತ ನೋಡಿದರು. ಸಾಹೇಬರ ಮೇಜಿನ ಪಕ್ಕದ ದೊಡ್ಡ ಕಿಟಕಿಯನ್ನು ನೋಡಿದರು. ಆಮೇಲೆ ಅಂಗಡಿಯ ವಿಳಾಸ ಎಂಬಲ್ಲಿ ಬರೆದರು: 'ಇದೇ ಕಚೇರಿ, ಕಿಟಕಿ ಪಕ್ಕ.' ಕೆಳಗೆ, ಸಾಹೇಬರು ಸಹಿ ಹಾಕಬೇಕಿದ್ದ ಜಾಗದಲ್ಲಿ, ತಾವೇ ಸಹಿ ಹಾಕಿದರು.

"ಅಯ್ಯೋ, ಇದು ಕಚೇರಿ ಕಣಮ್ಮ!"

"ಅಂಗಡಿ ಇಡಬಾರದು ಅಂತ ಎಲ್ಲಾದ್ರೂ ಬರೆದಿದೆಯಾ ಸಾರ್?"

"ಇಲ್ಲ. ಬರೆಸ್ತೀನಿ."

"ಯಾರ ಕೈಲಿ?"

ಸಾಹೇಬರು ತಮ್ಮ ಮೇಜನ್ನು ಮೂರು ಅಡಿ ಒಳಗೆ ಸರಿಸಿಕೊಂಡರು. ಅದೇ ಮಧ್ಯಾಹ್ನ ಹೊಲಿಗೆ ಮಿಷನ್ನು ಬಂತು. ಈಗ ಅರ್ಜಿ ತಂದವರಿಗೆ ಅಕ್ಕ ಎರಡು ಹೊಲಿಗೆಯ ನಡುವೆ ಸಹಿ ಹಾಕಿ ಕಳಿಸುತ್ತಾರೆ. ಇಷ್ಟು ಬೇಗ ಕೆಲಸ ಆಗುವುದು ಸರಿಯಲ್ಲ ಎಂದು ಮೊದಲು ನಮಗೆ ಕಸಿವಿಸಿಯಾಯಿತು. ಆಮೇಲೆ ರೂಢಿಯಾಯಿತು.

ಹೋದ ವಾರ ದೊಡ್ಡ ಸಾಹೇಬರು ಮತ್ತೆ ತಪಾಸಣೆಗೆ ಬಂದರು. ಮಿಷನ್ನು ನೋಡಿದರು, ಖಾಲಿ ಬೆಂಚು ನೋಡಿದರು, ತೃಪ್ತರಾದರು. ವರದಿ ಬರೆಯಲು ಜೇಬಿನಿಂದ ಪೆನ್ನು ತೆಗೆದರು.

"ಸಾರ್," ಎಂದರು ಅಕ್ಕ, ಮಿಷನ್ನು ನಿಲ್ಲಿಸದೆ, "ಅದರ ಚರಿತ್ರೆ?"

ದೊಡ್ಡ ಸಾಹೇಬರು ನಮ್ಮ ಮುಖ ನೋಡಿದರು. ನಾವು ಸುತ್ತೋಲೆ ನೋಡಿದೆವು. ಅವರು ಪೆನ್ನನ್ನು ತಾವೇ ಬೀರುವಿನಲ್ಲಿಟ್ಟು, ವರದಿಗೆ ಹೆಬ್ಬೆಟ್ಟು ಒತ್ತಿ, ಬುಧವಾರ ಎಷ್ಟು ಗಂಟೆಗೆ ಬರಬೇಕೆಂದು ಅಕ್ಕನನ್ನು ಕೇಳಿದರು.