ಹುರಿದ ಕಾಳು ಬಿತ್ತುವುದು ಹೇಗೆ?

ಪದ್ಮಾ ತೀರಿಕೊಂಡ ಹಿಂದಿನ ದಿನ ನಾವು ಜಗಳವಾಡಿದ್ದು ಅಳ್ಳಿನ ವಿಷಯಕ್ಕೆ. ಅವಳು ಗೊಂಜಾಳ, ಅಂದರೆ ಮೆಕ್ಕೆಜೋಳ, ಹುರಿದು ಅಳ್ಳು ಅರಳಿಸುತ್ತಿದ್ದಳು. ಆ ಪಟಪಟ ಸದ್ದಿಗೆ ಟಿವಿ ವಾರ್ತೆ ಕೇಳಿಸುತ್ತಿಲ್ಲವೆಂದು ನಾನು ಗೊಣಗಿದೆ. "ವಾರ್ತಾ ನಾಳೆನೂ ಬರ್ತಾವ್ರಿ, ಬಿಸಿ ಅಳ್ಳು ಬರಂಗಿಲ್ಲ" ಅಂದಳು. ಮರುದಿನ ಬೆಳಿಗ್ಗೆ ಅವಳ ಎದೆಬಡಿತ ನಿಂತಿತು.

ಹೆಂಡತಿ ಹೋದ ಮೇಲೆ ಗಂಡಸರು ತೀರ್ಥಯಾತ್ರೆ ಮಾಡುತ್ತಾರೆ, ಯಡೂರಿಗಾದರೂ ಹೋಗಿ ಬರುತ್ತಾರೆ. ನಾನು ಅವಳ ಅಳ್ಳಿನ ಬೀಜ ಉಳಿಸಲು ಹಟ ತೊಟ್ಟೆ. ತವರಿನಿಂದ ತಂದು ಪ್ರತಿ ವರ್ಷ ಬಿತ್ತಿ ಕಾಪಾಡಿದ ಸಣ್ಣ ಕಾಳಿನ ಗೊಂಜಾಳ ಅದು. ಪದ್ಮಾ ಬಾವಿ ನೀರು ನಂಬಿ ಊರಿಗಿಂತ ಮೊದಲೇ ಬಿತ್ತುತ್ತಿದ್ದಳು. ಅವಳಿಗೆ ಎಲ್ಲದಕ್ಕೂ ಅವಸರ ಎಂದು ತಿಳಿದಿದ್ದ ನಾನು, ಪಕ್ಕದ ಹೊಲದ ಭರಮು ಹೈಬ್ರಿಡ್ ಗೊಂಜಾಳ ಬಿತ್ತಿದ ದಿನವೇ ಅವನ ಎತ್ತು, ಕೂರಿಗೆ ಕೇಳಿಕೊಂಡು ಅವನ ಬದುವಿಗೆ ಅಂಟಿಸಿಯೇ ಬಿತ್ತಿದೆ. ಆ ಬೆಳೆಯ ಕಾಳನ್ನೇ ಮರುವರ್ಷ ಬೀಜ ಮಾಡಿದೆ. ಬಂದದ್ದನ್ನು ಹುರಿದರೆ ಅರಳಿದ್ದು ನಾಲ್ಕಾರು, ಉಳಿದವೆಲ್ಲ ಕಪ್ಪಾಗಿ ಗಟ್ಟಿಯಾದವು.

ಭರಮು ಒಂದು ಕಾಳು ಕಡಿದು ದವಡೆ ಹಿಡಿದುಕೊಂಡ. "ಕಾಕಾ, ಇದು ಬಾಯಿಗಲ್ಲ, ಬಂದೂಕಿಗೆ ಹಾಕೂದೈತಿ!"

"ನಿನ್ನ ಗೊಂಜಾಳದಿಂದನ ಕೆಟ್ಟಿದ್ದಲೇ!"

"ಹಾಂ, ನಡಕೊಂತ ಬಂದಿತ್ತೇನ ನಿನ್ನ ಹೊಲಕ್ಕ?"

ಕೃಷಿ ಓದಿದ ಮಗಳು ಫೋನಿನಲ್ಲಿ ಹೇಳಿದಳು: "ಗಾಳ್ಯಾಗ ಪರಾಗ ಹಾರಿ ಬಂದೈತಪ್ಪಾ. ಸಿಪ್ಪಿ ಗಟ್ಟಿ ಇದ್ರ ಒಳಗಿನ ಉಗಿ ತಡದು ಒಮ್ಮೆಲೆ ಸಿಡಿತೈತಿ. ಅದು ತಳಿಯಿಂದ ಬರೂ ಗುಣ. ಹೈಬ್ರಿಡ್ ಕೂಡಿದ್ರ ಕೆಡತೈತಿ. ಚಲೋ ಅರಳೂವನ್ನಷ್ಟ ಆರಿಸಿ ಬಿತ್ತು."

ಅರಳುತ್ತದೋ ಇಲ್ಲವೋ ತಿಳಿಯಬೇಕಾದರೆ ಹುರಿಯಬೇಕು. ಹುರಿದದ್ದನ್ನು ಬಿತ್ತುವುದು ಹೇಗೆ? ತಲೆ ಕೆಡಿಸಿಕೊಂಡು ಮತ್ತೆ ಫೋನು ಮಾಡಿದೆ. ಅವಳು ಬಿದ್ದು ಬಿದ್ದು ನಕ್ಕಳು. ತಾಯಿ ಹೋದ ಮೇಲೆ ಆ ನಗು ಕೇಳಿದ್ದು ಅದೇ ಮೊದಲು. "ಒಂದೊಂದ ತೆನಿದು ಒಂದ ಹಿಡಿ ಹುರಿಯಪ್ಪಾ. ಯಾವ ತೆನಿದು ಅರಳತೈತಿ, ಅದರ ಉಳಿದ ಕಾಳ ಬೀಜಕ್ಕಿಡು."

ಅಂದಿನಿಂದ ಬಾಣಲೆ ಒಲೆಯಿಂದ ಇಳಿಯಲಿಲ್ಲ. ಮನೆಗೆ ಬಂದ ಬೀಗರು ಕೂಡ ನನ್ನ ಪರೀಕ್ಷೆಯ ಕಾಳು ಅಗಿಯದೆ ಎದ್ದು ಹೋಗುವಂತಿರಲಿಲ್ಲ. ಅವನ ಪರಾಗ ಕೂಡದಿರಲೆಂದು ಪದ್ಮಾಳ ಹಾಗೆ ಭರಮುವಿಗಿಂತ ಮೊದಲು ಬಿತ್ತಿದೆ, ಆರಿಸಿದೆ, ಮತ್ತೆ ಬಿತ್ತಿದೆ. ಹಲವು ಬೆಳೆಗಳ ನಂತರ ಈ ನಾಗರ ಪಂಚಮಿಗೆ ಅಳ್ಳು ಬಾಣಲೆ ತುಂಬಿ ನೆಲಕ್ಕೆ ಚೆಲ್ಲಿತು.

"ಪದ್ಮಾ ಕಾಕೂನ ಅಳ್ಳು ಬಂತು ನೋಡ ಕಾಕಾ!" ಎಂದ ಭರಮು, ಬಾಯಿ ತುಂಬಿಕೊಂಡು.

ತಳಿ ಉಳಿಸಿದ ಪಂಡಿತನ ಗತ್ತಿನಲ್ಲಿ ನಾನೂ ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡೆ. ಸಪ್ಪೆ. ಅವಳು ಮೇಲೆ ಏನೋ ಒಂದು ಪುಡಿ ಉದುರಿಸುತ್ತಿದ್ದಳು. ಅದು ಯಾವುದೆಂದು ಮಗಳಿಗೂ ತಿಳಿಯದು, ನನಗೂ ತಿಳಿಯದು.