ಕಾಲು ಗುಳಿಗೆಯ ಮಹಾರಾಜ

“ಬರೀ ಎಲೆ ಅಡಿಕೆ ಕೊಟ್ಟು ಕಳಿಸ್ತೀಯೇನೇ? ಗುಳಿಗೆ ಎಲ್ಲಿ?” ಎಂದು ಸಣ್ಣತಾಯಮ್ಮನ ಅತ್ತಿಗೆ ತಾಂಬೂಲದ ತಟ್ಟೆಯಲ್ಲಿ ಬೆರಳಾಡಿಸುತ್ತ ಕೇಳಿದಳು.

ಇಂಥ ಮಾತು ಮನೆಮಾತಾಗಿದ್ದ ರಾಜ್ಯವೊಂದು ಬಹಳ ಹಿಂದೆ ಇತ್ತು. ಎಷ್ಟು ಹಿಂದೆ ಎಂದರೆ, ಓದುಗರು ಯಾರನ್ನೂ ನೆನಪಿಸಿಕೊಳ್ಳುವ ಶ್ರಮ ತೆಗೆದುಕೊಳ್ಳಬೇಕಾಗಿಲ್ಲ. ಹೆಸರು ಶುಭ್ರಾವತಿ. ಆಳುತ್ತಿದ್ದವರು ಶ್ರೀಮನ್ಮಹಾರಾಜ ಕರುಣಾಕೀರ್ತಿ. ಅಲ್ಲಿ ಕುಡಿಯುವ ನೀರಿನ ಕೊಳವೆಯೂ ಊರ ಚರಂಡಿಯೂ ಆಸ್ತಿ ಪಾಲಾಗದ ಅಣ್ಣತಮ್ಮಂದಿರ ಹಾಗೆ ಒಂದನ್ನೊಂದು ಅಪ್ಪಿಕೊಂಡು ಹರಿಯುತ್ತಿದ್ದವು. ಮಕ್ಕಳಿಗೆ ಭೇದಿ ಹತ್ತಿದಾಗಲೆಲ್ಲ ಜನ ಕೊಳವೆ ದುರಸ್ತಿ ಕೇಳುತ್ತಿದ್ದರು. ಅಗೆದರೆ ರಾಜಬೀದಿಯ ಹೊಸ ಚಪ್ಪಡಿ ಹಾಳಾದೀತೆಂದು ನೊಂದ ಆಸ್ಥಾನ, ಕೊಳವೆಯ ಬದಲು ಗುಳಿಗೆ ಕೊಟ್ಟಿತು.

ಗುಳಿಗೆಯೇನೋ ಒಳ್ಳೆಯದೇ. ಕ್ರಿಮಿ ಕೊಲ್ಲುವ ಆ್ಯಂಟಿಬಯೋಟಿಕ್. ನಿಜವಾಗಿ ಬೇಕಾದವರಿಗೆ, ವೈದ್ಯರು ಹೇಳಿದಷ್ಟು ದಿನ ಕೊಟ್ಟರೆ ಪ್ರಾಣ ಉಳಿಸುವಂಥದು. ಆದರೆ ಮಹಾರಾಜರಿಗೆ ‘ಫಲಾನುಭವಿಗಳ ಸಂಖ್ಯೆ’ಯ ಮೇಲೆ ಬಹಳ ಪ್ರೀತಿ. ಇಡೀ ಗುಳಿಗೆ ಕೊಟ್ಟರೆ ಫಲಾನುಭವಿ ಒಬ್ಬ. ತುಂಡು ಮಾಡಿದರೆ ನಾಲ್ವರು! ಹೀಗೆ ಅವತರಿಸಿತು ‘ಕಾಲು ಗುಳಿಗೆ ಭಾಗ್ಯ’. ಭೇದಿಯವರಿಗೆ, ನೆಗಡಿಯವರಿಗೆ, ಏನೂ ಆಗದವರಿಗೆ, ಅರಮನೆಯ ಕೋಳಿಗಳಿಗೆ. ಹಂಚಿ ತಿನ್ನುವುದೇ ನಮ್ಮ ಸಂಸ್ಕೃತಿ ಎಂದು ಡಂಗುರ ಸಾರಿದ ಮೇಲೆ, ಹೆಂಗಸರು ಅದನ್ನು ಅರಿಸಿನ ಕುಂಕುಮದ ಜೊತೆ ತಾಂಬೂಲಕ್ಕೂ ಇಡತೊಡಗಿದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ.

“ಮನೇಲಿದ್ದ ಕಾಲು ಗುಳಿಗೆನೆಲ್ಲ ಕೆಂಪಿಗೇ ಹಾಕ್ದೆ ಕಣಕ್ಕ,” ಎಂದಳು ಸಣ್ಣತಾಯಮ್ಮ. ಮಡಿಲಲ್ಲಿ ಎರಡು ವರ್ಷದ ಕೆಂಪಿ, ಕಣ್ಣು ಗುಳಿಬಿದ್ದು, ಅಳುವುದಕ್ಕೂ ತ್ರಾಣವಿಲ್ಲದೆ ಮಲಗಿತ್ತು. “ಭೇದಿ ನಿಂತೇ ಇಲ್ಲ. ಒಳಗಿರೋ ಹುಳ ಗುಳಿಗೆನ ಕಡ್ಲೆಕಾಯಿ ಅಂತ ತಿಂತಾವೋ ಏನೋ.”

“ಹಂಗಾದ್ರೆ ಅರಮನೆಗೆ ಹೋಗು. ಕೊಟ್ಟೋರನ್ನೇ ಕೇಳು.”

ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು. ಒಡ್ಡೋಲಗ ನಡೆದಿತ್ತು.

“ಬುದ್ಧೀ, ಗುಳಿಗೆ ನಾಟ್ತಾ ಇಲ್ಲ. ನಮ್ ಬೀದಿ ಕೂಸುಗಳೆಲ್ಲ ಹಾಸಿಗೆ ಹಿಡಿದವೆ. ಕೊಳವೆ ಒಂದು ಸರಿ ಮಾಡ್ಸಿಕೊಡಿ, ನನ್ ಕೂಸು ಉಳ್ಕೊಳ್ಲಿ.”

ಮಹಾರಾಜರು ಹುಬ್ಬೇರಿಸಿದರು. “ಏನಯ್ಯಾ ಆಚಾರ್ಯ, ನಮ್ಮ ಗುಳಿಗೆ ನಾಟುತ್ತಿಲ್ಲವಂತೆ?”

ರಾಜವೈದ್ಯ ಶಂಕಿತಾಚಾರ್ಯರು ಗಂಟಲು ಸರಿಪಡಿಸಿಕೊಂಡರು. “ಮಹಾಪ್ರಭೂ, ಕಾಲು ಗುಳಿಗೆಗೆ ಬಡಕಲು ಕ್ರಿಮಿ ಸಾಯುತ್ತದೆ, ಗಟ್ಟಿಯದು ಉಳಿದು ಸಂಸಾರ ಹೂಡುತ್ತದೆ. ಅದರ ಮಕ್ಕಳು ಮರಿಗಳಿಗೆ ಇಡೀ ಗುಳಿಗೆಯೂ ತಾಗುವುದಿಲ್ಲ. ಊರ ಹೊಟ್ಟೆಯಲ್ಲೆಲ್ಲ ನಾವೇ ಅವಕ್ಕೆ ಗರಡಿಮನೆ ಕಟ್ಟಿಕೊಟ್ಟಂತಾಗಿದೆ.”

ಮಹಾಮಂತ್ರಿ ಅನುಮೋದನಗುಪ್ತ ಚಪ್ಪಾಳೆ ತಟ್ಟಿದ. “ಅಂದರೆ ನಮ್ಮ ಕ್ರಿಮಿಗಳು ನೆರೆರಾಜ್ಯದ ಕ್ರಿಮಿಗಳಿಗಿಂತ ಬಲಿಷ್ಠ!”

“ಹೌದೇ?” ಮಹಾರಾಜರ ಮೀಸೆ ಅರಳಿತು.

“ಪ್ರಭುಗಳ ನೆರಳಿನಲ್ಲಿ ಏಳಿಗೆ ಹೊಂದದ ಜೀವವುಂಟೇ?”

“ಅದು ಹೆಮ್ಮೆಯ ವಿಷಯವಲ್ಲ, ಮಹಾಪ್ರಭೂ...”

“ಆಚಾರ್ಯರು ದಣಿದಂತಿದೆ,” ಎಂದರು ಮಹಾರಾಜರು ಕರುಣೆಯಿಂದ. “ಅವರಿಗೂ ಒಂದು ಕಾಲು ಕೊಡಿ.”

ಬಳಿಕ ರಾಜಾಜ್ಞೆ ಹೊರಟಿತು: ಗುಳಿಗೆ ನಾಟದಿರಲು ಫಲಾನುಭವಿಗಳ ಕೊರತೆಯೇ ಕಾರಣ. ಇನ್ನು ಮುಂದೆ ಕಾಲನ್ನೂ ಎರಡು ಹೋಳು ಮಾಡತಕ್ಕದ್ದು. ಈ ದೂರದೃಷ್ಟಿಗಾಗಿ ಮಹಾರಾಜರು ‘ಗುಳಿಗಾ ಸಾರ್ವಭೌಮ’ ಬಿರುದನ್ನೂ ಗುಳಿಗೆಯಾಕಾರದ ಕಿರೀಟವನ್ನೂ ಪ್ರಜೆಗಳ ಖರ್ಚಿನಲ್ಲಿ, ಪ್ರಜೆಗಳ ಒತ್ತಾಯಕ್ಕೆ ಮಣಿದು ಸ್ವೀಕರಿಸುವರು.

ಕೈಯಲ್ಲಿ ಕಾಲು ಗುಳಿಗೆ ಹಿಡಿದುಕೊಂಡೇ ಆಚಾರ್ಯರು ಹಿತ್ತಿಲ ಬಾಗಿಲಲ್ಲಿ ಸಣ್ಣತಾಯಮ್ಮನನ್ನು ತಡೆದರು. “ಗುಳಿಗೆ ನಿಲ್ಲಿಸಮ್ಮ. ಕೂಸಿನ ಮೈಯೊಳಗಿನ ನೀರು ಬತ್ತುತ್ತಿದೆ, ಅದನ್ನು ತುಂಬಬೇಕು.” ಅವರ ಮನೆಯ ಒಲೆಯ ಮೇಲೆ ನೀರು ಕುದಿಯಿತು. ಆರಿದ ಮೇಲೆ ಉಪ್ಪು, ಸಕ್ಕರೆ ಅಳತೆಯಾಗಿ ಬಿತ್ತು. ಗುಟುಕು ಗುಟುಕಾಗಿ ಕುಡಿಸುತ್ತ ಕುಡಿಸುತ್ತ ಎರಡು ದಿನ ಕಳೆದ ಮೇಲೆ ಕೆಂಪಿ ಕಣ್ಣರಳಿಸಿ, ಆಚಾರ್ಯರ ಗಡ್ಡಕ್ಕೆ ಕೈಹಾಕಿ ಎಳೆಯಿತು. ಮುದುಕರಿಗೆ ಆಸ್ಥಾನದಲ್ಲಿ ಅಂಥ ಮರ್ಯಾದೆ ಎಂದೂ ಸಿಕ್ಕಿರಲಿಲ್ಲ.

“ಕಾಯಿಸದ ನೀರು ಒಂದು ಹನಿಯೂ ಕೂಡದು,” ಎಂದರು. “ಈಗಿನ ಕ್ರಿಮಿ ಮತ್ತೆ ಹೊಕ್ಕರೆ ನನ್ನ ಹತ್ತಿರವೂ ಮದ್ದಿಲ್ಲ.”

ಬಿರುದು ಸಮಾರಂಭದ ಬೆಳಿಗ್ಗೆ ರಾಜಬೀದಿಯಲ್ಲಿ ಹಾರೆ ಗುದ್ದಲಿಗಳ ಸದ್ದು. ಸಣ್ಣತಾಯಮ್ಮ ಕೆಂಪಿಯನ್ನು ಎತ್ತಿಕೊಂಡು ಓಡಿಬಂದಳು. ಅರ್ಧ ಬೀದಿಯ ಚಪ್ಪಡಿ ಕಿತ್ತಾಗಿತ್ತು.

“ಅಂತೂ ಕೊಳವೆ ಸರಿ ಮಾಡ್ತಾವ್ರೆ! ಅಲ್ವೇನಣ್ಣ?”

“ಕೊಳವೆ ಯಾವ್ದವ್ವ? ಚಪ್ಪರಕ್ಕೆ ಕಂಬ ನೆಡ್ತಾ ಇದೀವಿ,” ಎಂದು ಅಗೆಯುವವನು ಹಾರೆ ಎತ್ತಿ ಹಾಕಿದ.

ಹಾರೆ ನೇರ ಕೊಳವೆಗೇ ಬಿತ್ತು. ನೀರು ಆಳೆತ್ತರ ಚಿಮ್ಮಿತು. ಅದೇ ಸಮಯಕ್ಕೆ ಮೇನೆಯಿಂದ ಇಳಿದ ಮಹಾರಾಜರ ಗುಳಿಗೆ ಕಿರೀಟ ಹನಿಗಳಲ್ಲಿ ಫಳಫಳನೆ ಹೊಳೆಯಿತು.

“ಏನಿದು, ಗುಪ್ತ?”

“ಕಾರಂಜಿ, ಪ್ರಭೂ! ತಮ್ಮ ಪಾದಸ್ಪರ್ಶಕ್ಕೆ ಭೂದೇವಿ ಉಕ್ಕಿದ್ದಾಳೆ. ಉದ್ಘಾಟನೆ ಮಾಡಿಬಿಡಿ.”

“ಮಾಡಿದೆವು. ಮೊದಲು ಮಕ್ಕಳು ಕುಡಿಯಲಿ.”

ಜಯಘೋಷ ಮುಗಿಲು ಮುಟ್ಟಿತು. ಬೀದಿಯ ಮಕ್ಕಳೆಲ್ಲ ಕೇಕೆ ಹಾಕಿ ನುಗ್ಗಿದವು. ಕೆಂಪಿಯೂ ಅವ್ವನ ಕಂಕುಳಿನಿಂದ ಜಾರಿ, ತಪ್ಪುಹೆಜ್ಜೆ ಇಡುತ್ತ ಆ ಗುಂಪಿನಲ್ಲಿ ಸೇರಿಕೊಂಡಿತು. ಸಣ್ಣತಾಯಮ್ಮ ಜನರನ್ನು ತಳ್ಳಿಕೊಂಡು ಹೋಗಿ ಮಗುವಿನ ಎರಡೂ ಕೈ ಹಿಡಿದುಕೊಂಡಳು. ಬೊಗಸೆ ಖಾಲಿಯಿತ್ತು. ಗದ್ದ ಒದ್ದೆಯಾಗಿತ್ತು.